ಗೆಸ್ಟ್ ವೈಫೈ ಸ್ಲೋ ಅಂದ್ರೆ ಸ್ಪೀಡ್ ಹಂಚಬೇಡಿ, ಸರದಿ ಹಂಚಿ

ಬಂದು ಹೋಗೋರಿಗೆ ಅಂತ ಗೆಸ್ಟ್ ವೈಫೈ ಇಟ್ಟವರೆಲ್ಲ ಮೊದಲು ಮಾಡೋ ಕೆಲಸ ಒಂದೇ, ಕ್ಯಾಲ್ಕುಲೇಟರ್ ತಗೊಳ್ಳೋದು. ಲೈನ್ 40 ಎಂಬಿಪಿಎಸ್, ಜನ 25, ಸರಿ ತಲೆಗೆ 2 ಎಂಬಿಪಿಎಸ್ ಅಂತ ರೌಟರಲ್ಲಿ ಲಿಮಿಟ್ ಹಾಕಿ ಕೈ ತೊಳ್ಕೊಂಡ್ಬಿಡ್ತಾರೆ. ನಾನೂ ಅದನ್ನೇ ಮಾಡಿದ್ದೆ, ಸುಳ್ಳ್ಯಾಕೆ ಹೇಳ್ಲಿ. ಈಗ ಲೆಕ್ಕ ನೋಡಿ, 25 ಜನನೂ ಒಟ್ಟಿಗೆ ಕೂತ್ರೆ 50 ಬೇಕು, ಇರೋದು 40, ಅಂದ್ರೆ ನಿಜವಾಗ್ಲೂ ರಶ್ ಇರೋ ಹೊತ್ತಲ್ಲಿ ಆ ಲಿಮಿಟ್ ಯಾವ ಕೆಲಸಕ್ಕೂ ಬರಲ್ಲ, ಲೈನ್ ಹೇಗೂ ತುಂಬ್ಕೊಂಡೇ ಇರತ್ತೆ. ರಾತ್ರಿ ಮೂರೇ ಜನ ಇದ್ದಾಗ ಮೂವರೂ ಸೇರಿ 6 ಬಳಸ್ತಾರೆ, ಮಿಕ್ಕಿದ 34 ಸುಮ್ನೆ ಬಿದ್ದಿರತ್ತೆ, ಅವರು ನಿಮ್ಮ ವೈಫೈಗೆ ಶಾಪ ಹಾಕ್ಕೊಂಡು ಮೊಬೈಲ್ ಡೇಟಾ ಆನ್ ಮಾಡ್ಕೊಳ್ತಾರೆ. ರಶ್ ಇದ್ದಾಗ ಉಪಯೋಗ ಇಲ್ಲ, ಖಾಲಿ ಇದ್ದಾಗ ಬರೀ ಉಪದ್ರ.

ಹಾಗಾಗಿ ಪೈಪನ್ನ 25 ತುಂಡು ಮಾಡೋ ಐಡಿಯಾನ ಮೊದಲು ತಲೆಯಿಂದ ತೆಗೀರಿ. ಹಂಚಬೇಕಾಗಿರೋದು ಸರದಿ. ಒಬ್ಬನೇ ಇದ್ದಾಗ ಪೂರ್ತಿ 40 ಅವನೇ ತಗೊಳ್ಲಿ, ಇನ್ನೊಬ್ಬ ಬಂದ ತಕ್ಷಣ ಒಂದು ಪ್ಯಾಕೆಟ್ ನಂದು ಒಂದು ಪ್ಯಾಕೆಟ್ ನಿಂದು ಅಂತ (ಪ್ಯಾಕೆಟ್ ಅಂದ್ರೆ ಡೇಟಾದ ಒಂದು ಚಿಕ್ಕ ತುಂಡು) ಶುರುವಾಗ್ಲಿ, ಹತ್ತು ಜನ ಬಂದ್ರೆ ಹತ್ತು ಜನಕ್ಕೂ ಸರದಿ ಬರ್ಲಿ, ಯಾರಿಗೆ ಕಮ್ಮಿ ಸಾಕೋ ಅವನು ಕಮ್ಮಿ ತಗೊಂಡು ಉಳಿದಿದ್ದನ್ನ ಬೇಕಾದವರು ಹಂಚ್ಕೊಳ್ಲಿ. ಇದನ್ನ ರೌಟರ್ ತಾನೇ ತಾನಾಗಿ ಸೆಕೆಂಡಿಗೆ ಸಾವಿರಾರು ಸಲ ಮಾಡತ್ತೆ, ನೀವು ಸರಿಯಾಗಿ ಸೆಟ್ ಮಾಡಿ ಕೊಟ್ರೆ.

ಸ್ಲೋ ಅಂದ್ರೆ ಏನು ಸ್ಲೋ

ಜನ ವೈಫೈ ಸ್ಲೋ ಅಂದಾಗ ಹತ್ತರಲ್ಲಿ ಎಂಟು ಸಲ ಸ್ಪೀಡ್ ಕಮ್ಮಿ ಇರಲ್ಲ, ಕಾಯೋದು ಜಾಸ್ತಿ ಆಗಿರತ್ತೆ ಅನ್ನೋದು ನನ್ನ ಅನುಭವ. ಪೇಜ್ ಕ್ಲಿಕ್ ಮಾಡಿದ್ರೆ ಎರಡು ಸೆಕೆಂಡ್ ಏನೂ ಆಗಲ್ಲ, ಆಮೇಲೆ ದಬಕ್ ಅಂತ ಪೂರ್ತಿ ಬಂದ್ಬಿಡತ್ತೆ. ಕಾಲಲ್ಲಿ ಮಾತು ಕಟ್ ಕಟ್ ಆಗತ್ತೆ. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ, 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಅನ್ನೋ ಇಂಜಿನಿಯರ್ ತನ್ನ ಮನೆ ಲೈನಲ್ಲೇ ಇದನ್ನ ನೋಡಿ ಹೆಸರಿಟ್ಟು ಎಲ್ಲರ ಗಮನಕ್ಕೆ ತಂದಿದ್ದು. ವಿಷಯ ಸಿಂಪಲ್. ಮೋಡೆಮ್ ಒಳಗೆ ಒಂದು ಬಫರ್ ಇರತ್ತೆ, ಲೈನ್ ಬಿಡುವಾಗೋ ತನಕ ಪ್ಯಾಕೆಟ್‌ಗಳು ಅಲ್ಲಿ ಕಾಯ್ತಾವೆ. ಬಫರ್ 256 ಕೆಬಿ ಇದೆ, ಅಪ್‌ಲೋಡ್ 1 ಎಂಬಿಪಿಎಸ್ ಇದೆ ಅಂದ್ಕೊಳ್ಳಿ, 256ನ್ನ 8ರಿಂದ ಗುಣಿಸಿದ್ರೆ 2048 ಕಿಲೋಬಿಟ್, ಅದು ಖಾಲಿ ಆಗೋಕ್ಕೆ ಬರೋಬ್ಬರಿ ಎರಡು ಸೆಕೆಂಡ್ ಬೇಕು. ಯಾರೋ ಒಬ್ಬನ ಫೋನ್ ಬ್ಯಾಗಲ್ಲಿ ಕೂತ್ಕೊಂಡು ಫೋಟೋ ಬ್ಯಾಕಪ್ ಮಾಡ್ತಾ ಇದ್ರೆ ಆ ಬಫರ್ ಯಾವಾಗ್ಲೂ ತುಂಬಿರತ್ತೆ, ಮಿಕ್ಕವರ ಪ್ರತಿಯೊಂದು ಚಿಕ್ಕ ಪ್ಯಾಕೆಟ್ಟೂ ಅದರ ಹಿಂದೆ ನಿಂತು ಎರಡು ಸೆಕೆಂಡ್ ಕಾಯ್ಬೇಕು. ಅವನಿಗೆ ತಾನು ಏನೋ ಮಾಡ್ತಿದೀನಿ ಅಂತಾನೂ ಗೊತ್ತಿರಲ್ಲ ಪಾಪ.

ಅಪ್‌ಲೋಡ್ ಬಗ್ಗೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ, ಆದ್ರೆ ಎಲ್ಲರ ಡೌನ್‌ಲೋಡನ್ನೂ ಕೊಲ್ಲೋದು ಅದೇನೇ. ಯಾಕಂದ್ರೆ ಡೌನ್‌ಲೋಡ್ ಆಗ್ತಾ ಇರೋವಾಗ ಫೋನು "ಬಂತು, ಬಂತು" ಅಂತ ಚಿಕ್ಕ ಚಿಕ್ಕ ಅಕ್ನಾಲೆಜ್‌ಮೆಂಟ್ ಪ್ಯಾಕೆಟ್ ವಾಪಸ್ ಕಳಿಸ್ತಾ ಇರ್ಬೇಕು, ಅವು ಅಪ್‌ಲೋಡ್ ಕ್ಯೂನಲ್ಲಿ ಸಿಕ್ಕಾಕ್ಕೊಂಡ್ರೆ ಆ ಕಡೆ ಸರ್ವರ್ ಕಳಿಸೋದನ್ನೇ ನಿಧಾನ ಮಾಡತ್ತೆ. ಡೌನ್‌ಲೋಡ್ 40 ಇದ್ದು ಅಪ್‌ಲೋಡ್ 2 ಇರೋ ಲೈನಲ್ಲಿ ಒಬ್ಬನೇ ಒಬ್ಬ ವೀಡಿಯೋ ಅಪ್‌ಲೋಡ್ ಮಾಡಿದ್ರೆ ಸಾಕು, ಎಲ್ಲರ 40ಕ್ಕೂ ಗ್ರಹಣ.

ನಿಮ್ಮಲ್ಲಿ ಇದೇ ಸಮಸ್ಯೆನಾ ಅಂತ ನೋಡೋಕ್ಕೆ ಐದು ನಿಮಿಷ ಸಾಕು. ಲ್ಯಾಪ್‌ಟಾಪನ್ನ ರೌಟರಿಗೆ ಕೇಬಲ್ಲಲ್ಲಿ ಹಾಕಿ, ಒಂದು ವಿಂಡೋದಲ್ಲಿ ಯಾವುದಾದ್ರೂ ಹೊರಗಿನ ಸರ್ವರಿಗೆ ಪಿಂಗ್ (ಒಂದು ಚಿಕ್ಕ ಪ್ಯಾಕೆಟ್ ಹೋಗಿ ಬರೋಕ್ಕೆ ಎಷ್ಟು ಹೊತ್ತು ಅಂತ ಅಳೆಯೋ ಕಮಾಂಡ್) ಬಿಟ್ಟಿರಿ, ಇನ್ನೊಂದರಲ್ಲಿ ಸ್ಪೀಡ್ ಟೆಸ್ಟ್ ಓಡ್ಸಿ. ಸುಮ್ನಿದ್ದಾಗ 20 ಮಿಲಿಸೆಕೆಂಡ್ ಇದ್ದಿದ್ದು ಟೆಸ್ಟ್ ಓಡೋವಾಗ 30-40 ಆದ್ರೆ ಪುಣ್ಯವಂತರು ನೀವು. 300, 800 ಅಂತ ಹಾರಿದ್ರೆ ಈ ಲೇಖನ ನಿಮಗೇ. ಮ್ಯಾಕ್ ಇದ್ರೆ ಇನ್ನೂ ಸುಲಭ, 2021ರ ಮಾಂಟೆರೇ ವರ್ಷನ್ನಿಂದ ಟರ್ಮಿನಲ್ಲಲ್ಲಿ ನೆಟ್‌ವರ್ಕ್‌ಕ್ವಾಲಿಟಿ ಅನ್ನೋ ಕಮಾಂಡ್ ಇದೆ, ಲೋಡ್ ಇದ್ದಾಗ ನಿಮಿಷಕ್ಕೆ ಎಷ್ಟು ಸಲ ಹೋಗಿ ಬರೋಕ್ಕಾಗತ್ತೆ ಅಂತ ಒಂದು ನಂಬರ್ ಕೊಡತ್ತೆ, ಜಾಸ್ತಿ ಇದ್ದಷ್ಟೂ ಒಳ್ಳೇದು.

ಆಮೇಲೆ ಅದೇ ಟೆಸ್ಟನ್ನ ವೈಫೈಯಲ್ಲಿ ಮಾಡಿ. ಕೇಬಲ್ಲಲ್ಲಿ ಚೆನ್ನಾಗಿದ್ದು ವೈಫೈಯಲ್ಲಿ ಮಾತ್ರ ಕೆಟ್ಟದಾಗಿದ್ರೆ ತೊಂದರೆ ಇರೋದು ಗಾಳಿಯಲ್ಲಿ, ಲೈನಲ್ಲಲ್ಲ, ಅದರ ಕತೆ ಕೆಳಗೆ ಬೇರೆ ಇದೆ. ಇದನ್ನ ನೋಡದೇ ಶೇಪರ್ (ಒಟ್ಟು ಸ್ಪೀಡಿಗೆ ಮಿತಿ ಹಾಕಿ ಸಾಲು ನಡೆಸೋ ವ್ಯವಸ್ಥೆ) ಹಾಕೋಕ್ಕೆ ಹೋದ್ರೆ ಗಾಳಿಗೆ ಗುದ್ದಿ ಮೈ ನೋಯಿಸ್ಕೊಂಡಂಗೆ.

ಕ್ಯೂನ ನಿಮ್ಮ ಕೈಗೆ ತಗೊಳ್ಳಿ

ಸರದಿ ಹಂಚಬೇಕು ಅಂದ್ರೆ ಸಾಲು ನಿಮ್ಮ ಬಾಗಿಲಲ್ಲಿ ನಿಂತಿರ್ಬೇಕು. ಈಗ ಸಾಲು ನಿಂತಿರೋದು ಮೋಡೆಮಲ್ಲಿ ಅಥವಾ ಕಂಪನಿ ಕಡೆಯ ಡಬ್ಬದಲ್ಲಿ, ಅಲ್ಲಿ ನಿಮ್ಮ ಮಾತು ನಡೆಯಲ್ಲ. ಅದಕ್ಕೆ ಉಪಾಯ ಏನಂದ್ರೆ ನಿಮ್ಮ ರೌಟರಲ್ಲಿ ಲೈನಿನ ಅಸಲಿ ಸ್ಪೀಡಿಗಿಂತ ಸ್ವಲ್ಪ ಕಮ್ಮಿಗೆ ಒಟ್ಟು ಲಿಮಿಟ್ ಹಾಕೋದು. ಆಗ ನಿಮ್ಮ ರೌಟರೇ ಅತೀ ಇಕ್ಕಟ್ಟಾದ ಜಾಗ ಆಗತ್ತೆ, ಸಾಲು ಅಲ್ಲೇ ನಿಲ್ಲತ್ತೆ, ಮೋಡೆಮ್ ಬಫರ್ ಖಾಲಿ ಹೊಡೀತಿರತ್ತೆ. ಹೌದು, ಇದರಲ್ಲಿ ನೂರಕ್ಕೆ ಹತ್ತು-ಹದಿನೈದು ಸ್ಪೀಡ್ ಬಿಟ್ಕೊಡ್ತಾ ಇದೀರ. ನನಗೂ ಮೊದಲು ಹೊಟ್ಟೆ ಉರಿದಿತ್ತು. ಆದ್ರೆ ಮಾಡಿ ನೋಡಿದ ಮೇಲೆ ವಾಪಸ್ ಹೋಗೋ ಮನಸ್ಸಾಗಲ್ಲ.

ಎಷ್ಟು ಹಾಕೋದು ಅಂದ್ರೆ, ಬೆಳಗ್ಗೆ ಮಧ್ಯಾಹ್ನ ರಾತ್ರಿ ಮೂರು ಹೊತ್ತಲ್ಲಿ ಕೇಬಲ್ಲಲ್ಲಿ ಸ್ಪೀಡ್ ಅಳೀರಿ, ಮೂರರಲ್ಲಿ ಕಮ್ಮಿ ಬಂದಿದ್ದನ್ನ ತಗೊಳ್ಳಿ, ಕಂಪನಿಯವರು ಪ್ಲಾನಲ್ಲಿ ಬರೆದಿರೋ ನಂಬರ್ ಅಲ್ಲ. ಅಪ್‌ಲೋಡಿಗೆ ಅದರ 90 ಪರ್ಸೆಂಟ್, ಡೌನ್‌ಲೋಡಿಗೆ 85 ಪರ್ಸೆಂಟಿಂದ ಶುರು ಮಾಡಿ. ಡೌನ್‌ಲೋಡಿಗೆ ಯಾಕೆ ಜಾಸ್ತಿ ಬಿಡ್ಬೇಕು ಅಂದ್ರೆ ಅಪ್‌ಲೋಡಲ್ಲಿ ಕಳಿಸೋರು ನೀವೇ, ಯಾವಾಗ ಕಳಿಸೋದು ಅನ್ನೋದು ನಿಮ್ಮ ಕೈಲಿದೆ, ಡೌನ್‌ಲೋಡಲ್ಲಿ ಪ್ಯಾಕೆಟ್ ಲೈನ್ ದಾಟಿ ಬಂದ ಮೇಲೆ ನೀವು ಅದನ್ನ ನೋಡ್ತೀರ, ಒಂದಿಷ್ಟನ್ನ ಬೀಳಿಸಿ ಆ ಕಡೆಯವನಿಗೆ "ನಿಧಾನ ಕಣಪ್ಪಾ" ಅಂತ ಹೇಳೋದಷ್ಟೇ ದಾರಿ, ಅದು ಅವನಿಗೆ ಮುಟ್ಟೋಕ್ಕೆ ಸ್ವಲ್ಪ ಹೊತ್ತು ಬೇಕು. ಆಮೇಲೆ ಪಿಂಗ್ ನೋಡ್ಕೊಂಡು 2-3 ಪರ್ಸೆಂಟ್ ಮೇಲಕ್ಕೆ ಹತ್ತಿಸ್ತಾ ಹೋಗಿ, ಪಿಂಗ್ ಎಲ್ಲಿ ಹಾರತ್ತೋ ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬಂದು ನಿಲ್ಸಿ.

ಇನ್ನು ಆ ಸಾಲನ್ನ ನಡೆಸೋದು ಯಾರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೊಡೆಲ್ ಅನ್ನೋ ವಿಧಾನ ಹೊರಗೆ ತಂದ್ರು, ಸಾಲು ಎಷ್ಟು ಉದ್ದ ಅಂತ ನೋಡೋದು ಬಿಟ್ಟು ಒಂದೊಂದು ಪ್ಯಾಕೆಟ್ ಎಷ್ಟು ಹೊತ್ತು ಕಾಯ್ತು ಅಂತ ನೋಡತ್ತೆ ಅದು. ಕಾಯೋ ಹೊತ್ತು 100 ಮಿಲಿಸೆಕೆಂಡ್ ಪೂರ್ತಿ 5 ಮಿಲಿಸೆಕೆಂಡಿಗಿಂತ ಕೆಳಗೆ ಇಳೀಲೇ ಇಲ್ಲ ಅಂದ್ರೆ ಪ್ಯಾಕೆಟ್ ಬೀಳಿಸೋಕ್ಕೆ ಶುರು ಮಾಡತ್ತೆ. ಅದಕ್ಕೆ ಸರದಿ ಹಂಚೋ ಲೆಕ್ಕಾನೂ ಸೇರಿಸಿದ್ದು ಎಫ್‌ಕ್ಯೂ-ಕೊಡೆಲ್, ಮಾಮೂಲಿಗೆ 1024 ಸಾಲು ಮಾಡ್ಕೊಂಡು ಒಂದೊಂದು ಕನೆಕ್ಷನ್ನಿಗೆ ಒಂದೊಂದು ಸಾಲು ಕೊಟ್ಟು ಸುತ್ತು ಹಾಕ್ಕೊಂಡು ಬರತ್ತೆ, ಈಗ ಬಂದ ಚಿಕ್ಕ ಸಾಲಿಗೆ ಮೊದಲು ದಾರಿ ಬಿಡತ್ತೆ. ಹಾಗಾಗಿ ಒಂದು ಕಾಲ್, ಒಂದು ಗೇಮ್, ಒಂದು ಡಿಎನ್‌ಎಸ್ ಕೇಳಿಕೆ (ವೆಬ್‌ಸೈಟ್ ಹೆಸರಿಗೆ ಅಡ್ರೆಸ್ ಹುಡುಕೋದು) ದೊಡ್ಡ ಡೌನ್‌ಲೋಡ್ ಹಿಂದೆ ನಿಲ್ಲೋದೇ ಇಲ್ಲ.

ಆದ್ರೆ ಗೆಸ್ಟ್ ವೈಫೈಗೆ ಇದರಲ್ಲೊಂದು ತೂತಿದೆ. ಇದು ಹಂಚೋದು ಕನೆಕ್ಷನ್ ಲೆಕ್ಕದಲ್ಲಿ, ಮನುಷ್ಯರ ಲೆಕ್ಕದಲ್ಲಲ್ಲ. ಒಬ್ಬ ಟೊರೆಂಟ್ ಹಾಕಿ 60 ಕನೆಕ್ಷನ್ ತೆಗೆದಿದಾನೆ, ಇನ್ನೊಬ್ಬ ಒಂದೇ ಒಂದು ಫೈಲ್ ಇಳಿಸ್ಕೊಳ್ತಿದಾನೆ ಅಂದ್ರೆ 61 ಪಾಲಲ್ಲಿ 60 ಅವನಿಗೆ, ಒಂದು ಇವನಿಗೆ. ಟೊರೆಂಟೇ ಆಗ್ಬೇಕಿಲ್ಲ, ಗೇಮ್ ಇಳಿಸೋ ಆ್ಯಪ್‌ಗಳೂ ಹತ್ತಾರು ಕನೆಕ್ಷನ್ ಒಟ್ಟಿಗೆ ತೆಗೀತಾವೆ. ಮನೇಲಿ ನಾಲ್ಕು ಜನ ಇರೋ ಕಡೆ ಇದು ಅಷ್ಟೇನೂ ಗೊತ್ತಾಗಲ್ಲ, ಗೊತ್ತಿಲ್ಲದವರು 25 ಜನ ಇರೋ ಕಡೆ ಆನೆ ನಡೆದಿದ್ದೇ ದಾರಿ ಆಗ್ಬಿಡತ್ತೆ. ಅದಕ್ಕೆ ನಿಮಗೆ ಬೇಕಾಗಿರೋದು ಮೊದಲು ಡಿವೈಸ್ ಡಿವೈಸ್ ನಡುವೆ ಸಮ ಪಾಲು, ಆಮೇಲೆ ಆ ಡಿವೈಸ್ ಒಳಗೆ ಅದರ ಕನೆಕ್ಷನ್‌ಗಳ ನಡುವೆ ಪಾಲು.

ಇದನ್ನ ಮಾಡೋದು ಕೇಕ್ ಅನ್ನೋ ಸಾಲು ನಡೆಸೋ ಪ್ರೋಗ್ರಾಂ. ಹೆಸರೇ ಅದು, 2018ರಲ್ಲಿ ಲಿನಕ್ಸ್ ಕರ್ನಲ್ 4.19ಕ್ಕೆ ಸೇರ್ಕೊಳ್ತು. ನಿಮ್ಮ ರೌಟರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಅನ್ನೋ ಉಚಿತ ರೌಟರ್ ಸಾಫ್ಟ್‌ವೇರ್ ಹಾಕೋಕ್ಕಾದ್ರೆ ಕೆಲಸ ಹೀಗೆ. ಸಾಫ್ಟ್‌ವೇರ್ ಪೇಜಲ್ಲಿ ಲೂಸಿ-ಆ್ಯಪ್-ಎಸ್‌ಕ್ಯೂಎಂ (luci-app-sqm) ಅನ್ನೋ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ನೆಟ್‌ವರ್ಕ್ ಮೆನುವಲ್ಲಿ ಎಸ್‌ಕ್ಯೂಎಂ ಕ್ಯೂಓಎಸ್ ಅಂತ ಬರತ್ತೆ, ಇಂಟರ್‌ಫೇಸ್ ಆಗಿ ಇಂಟರ್‌ನೆಟ್ ಬರೋ ವ್ಯಾನ್ ಆರಿಸಿ, ಆಗ್ಲೇ ಲೆಕ್ಕ ಹಾಕಿದ ಎರಡು ನಂಬರನ್ನ ಕಿಲೋಬಿಟ್ಟಲ್ಲಿ ಹಾಕಿ, 34 ಎಂಬಿಪಿಎಸ್ ಅಂದ್ರೆ 34000. ಕ್ಯೂ ಡಿಸಿಪ್ಲಿನ್ ಟ್ಯಾಬಲ್ಲಿ ಕೇಕ್, ಸ್ಕ್ರಿಪ್ಟ್ ಪೀಸ್ ಆಫ್ ಕೇಕ್. ಇಷ್ಟಕ್ಕೇ ನಿಲ್ಲಿಸ್ಬೇಡಿ, ಬಹಳ ಜನ ಇಲ್ಲೇ ನಿಲ್ಲಿಸಿ ಆಮೇಲೆ ಕೇಕ್ ಕೆಲಸ ಮಾಡಲ್ಲ ಅಂತಾರೆ. ವ್ಯಾನ್ ಮೇಲೆ ಕೂತಿರೋ ಕೇಕಿಗೆ ಒಳಗಿನ ಡಿವೈಸ್‌ಗಳು ಕಾಣಲ್ಲ, ನ್ಯಾಟ್ ಆಗಿ (ರೌಟರ್ ಎಲ್ಲರ ಅಡ್ರೆಸ್ಸನ್ನೂ ತನ್ನ ಒಂದೇ ಅಡ್ರೆಸ್ಸಿಗೆ ಬದಲಾಯಿಸೋದು) ಎಲ್ಲಾ ಒಂದೇ ಐಪಿ ಅಡ್ರೆಸ್ ಥರ ಕಾಣ್ತಾವೆ. ಅದೇ ಟ್ಯಾಬಲ್ಲಿ ಅಡ್ವಾನ್ಸ್ಡ್ ಟಿಕ್ ಮಾಡಿ, ಅದರ ಕೆಳಗೆ ಡೇಂಜರಸ್ ಅಂತ ಹೆದರ್ಸೋ ಇನ್ನೊಂದು ಟಿಕ್ ಇದೆ ಅದನ್ನೂ ಮಾಡಿ (ಏನೂ ಸುಟ್ಟೋಗಲ್ಲ), ಇನ್‌ಗ್ರೆಸ್ (ಒಳಗೆ ಬರೋದು) ಆಪ್ಷನ್ ಡಬ್ಬಿಯಲ್ಲಿ ನ್ಯಾಟ್, ಡ್ಯುಯಲ್-ಡಿಎಸ್‌ಟಿಹೋಸ್ಟ್, ಇನ್‌ಗ್ರೆಸ್ ಅನ್ನೋ ಮೂರು ಪದ, ಈಗ್ರೆಸ್ (ಹೊರಗೆ ಹೋಗೋದು) ಡಬ್ಬಿಯಲ್ಲಿ ನ್ಯಾಟ್, ಡ್ಯುಯಲ್-ಎಸ್‌ಆರ್‌ಸಿಹೋಸ್ಟ್ ಅನ್ನೋ ಎರಡು ಪದ, ನಡುವೆ ಸ್ಪೇಸ್ ಬಿಟ್ಟು ಎಲ್ಲಾ ಇಂಗ್ಲಿಷ್ ಸ್ಮಾಲ್ ಲೆಟರಲ್ಲಿ ಹಾಕಿ. ಅಷ್ಟೇ. ವ್ಯಾನ್ ಬದಲು ಗೆಸ್ಟ್ ಇಂಟರ್‌ಫೇಸ್ ಮೇಲೆ ಹಾಕೋರು ಒಂದು ನೆನಪಿಟ್ಕೊಳ್ಳಿ, ಅಲ್ಲಿ ದಿಕ್ಕು ಉಲ್ಟಾ, ರೌಟರಿಂದ ಹೊರಗೆ ಹೋಗೋದೇ ಜನರ ಡೌನ್‌ಲೋಡ್, ಹಾಗಾಗಿ ಎರಡು ನಂಬರನ್ನೂ ಅದಲು ಬದಲು ಮಾಡ್ಬೇಕು, ಡಿಎಸ್‌ಟಿ ಎಸ್‌ಆರ್‌ಸಿ ಪದಗಳನ್ನೂ ಸೇರಿಸಿ.

ಮೈಕ್ರೋಟಿಕ್ ಕಂಪನಿಯ ರೌಟರ್ ಇರೋರಿಗೆ ಪಿಸಿಕ್ಯೂ ಅಂತ ಹಳೇ ಗಟ್ಟಿ ವ್ಯವಸ್ಥೆ ಇದೆ. ಎರಡು ಕ್ಯೂ ಟೈಪ್ ಮಾಡಿ, ಡೌನ್‌ಲೋಡಿಗೆ ಕ್ಲಾಸಿಫೈಯರ್ ಡೆಸ್ಟಿನೇಷನ್ ಅಡ್ರೆಸ್, ಅಪ್‌ಲೋಡಿಗೆ ಸೋರ್ಸ್ ಅಡ್ರೆಸ್, ಎರಡರಲ್ಲೂ ಪಿಸಿಕ್ಯೂ ರೇಟ್ ಸೊನ್ನೆ. ಸೊನ್ನೆ ಅಂದ್ರೆ ತಲೆಗಿಷ್ಟು ಅಂತ ಮಿತಿ ಇಲ್ಲ, ಇರೋದನ್ನ ಇರೋರಿಗೆ ಸಮ ಹಂಚು ಅಂತ. ಆಮೇಲೆ ಗೆಸ್ಟ್ ಸಬ್‌ನೆಟ್ (ಗೆಸ್ಟ್‌ಗಳಿಗೆ ಇಟ್ಟಿರೋ ಐಪಿ ಅಡ್ರೆಸ್‌ಗಳ ಗುಂಪು) ಟಾರ್ಗೆಟ್ ಮಾಡಿ ಒಂದು ಸಿಂಪಲ್ ಕ್ಯೂ, ಅದಕ್ಕೆ ಮ್ಯಾಕ್ಸ್ ಲಿಮಿಟ್ ನಿಮ್ಮ ಒಟ್ಟು ನಂಬರ್, ಟೈಪ್ ಈ ಎರಡು. ಮ್ಯಾಕ್ಸ್ ಲಿಮಿಟ್ ಹಾಕದೇ ಬಿಟ್ರೆ ಪಿಸಿಕ್ಯೂಗೆ ಎಷ್ಟನ್ನ ಹಂಚಬೇಕು ಅಂತಾನೇ ಗೊತ್ತಾಗಲ್ಲ. ಇಲ್ಲಿ ಎರಡು ಗುಂಡಿ ಇವೆ. ಒಂದು, ಡೀಫಾಲ್ಟಲ್ಲಿ ತಲಾ ಸಾಲಿಗೆ 50 ಕಿಬಿ, ಒಟ್ಟಿಗೆ 2000 ಕಿಬಿ ಇರತ್ತೆ, ಅಂದ್ರೆ 40 ಜನ ಜೋರಾಗಿ ಬಳಸಿದ್ರೆ ತುಂಬೋಯ್ತು, ಜನ ಜಾಸ್ತಿ ಇದ್ರೆ ಟೋಟಲ್ ಏರಿಸಿ. ಎರಡನೇದು ಫಾಸ್ಟ್‌ಟ್ರ್ಯಾಕ್. ಅದು ಆನ್ ಇದ್ರೆ ಪ್ಯಾಕೆಟ್‌ಗಳು ಸಿಂಪಲ್ ಕ್ಯೂನ ಕಣ್ಣು ತಪ್ಪಿಸಿ ಪಕ್ಕದ ದಾರೀಲಿ ಹೋಗ್ಬಿಡ್ತಾವೆ, ನೀವು ಇಡೀ ದಿನ ಕ್ಯೂ ಸೆಟಿಂಗ್ ತಿರುಗಿಸ್ತಾ ಕೂತಿದ್ರೂ ಏನೂ ಬದಲಾಗಲ್ಲ. ನಾನು ಇಡೀ ಒಂದು ಭಾನುವಾರ ಕಳೆದಿದೀನಿ ಇದರಲ್ಲಿ. ಓಪನ್‌ಡಬ್ಲ್ಯುಆರ್‌ಟಿಯಲ್ಲೂ ಹಾರ್ಡ್‌ವೇರ್ ಆಫ್‌ಲೋಡಿಂಗ್ ಅಂತ ಇದರ ತಮ್ಮ ಇದಾನೆ, ಅವನನ್ನೂ ಆಫ್ ಮಾಡಿ. ಮೈಕ್ರೋಟಿಕ್ಕಿನ ಸಾಫ್ಟ್‌ವೇರ್ ರೌಟರ್‌ಓಎಸ್ 7 ಇದ್ರೆ ಅದರಲ್ಲೇ ಕೇಕೂ ಇದೆ, ಆದ್ರೆ ಗೆಸ್ಟ್‌ಗಳ ಮಟ್ಟಿಗೆ ಪಿಸಿಕ್ಯೂನೇ ಸಾಕು ಅಂತ ನನ್ನ ಅಭಿಪ್ರಾಯ.

ಪಿಎಫ್‌ಸೆನ್ಸ್ ಅನ್ನೋ ಫೈರ್‌ವಾಲ್ ಸಾಫ್ಟ್‌ವೇರ್ ಹಾಕ್ಕೊಂಡವರಿಗೆ ಲಿಮಿಟರ್. ಇಲ್ಲಿ ಮಾಸ್ಕ್ (ಒಂದೊಂದು ಐಪಿನೂ ಬೇರೆ ಬೇರೆ ಮಾಡೋ ಸೆಟಿಂಗ್) ಎಲ್ಲಿ ಹಾಕ್ತೀರ ಅನ್ನೋದರ ಮೇಲೇ ಎಲ್ಲಾ ನಿಂತಿದೆ. 34ರ ಲಿಮಿಟರ್ ಮೇಲೇ ಮಾಸ್ಕ್ ಹಾಕಿದ್ರೆ ಒಂದೊಂದು ಐಪಿಗೂ ಒಂದೊಂದು 34ರ ಪೈಪ್ ಹುಟ್ಟತ್ತೆ, ಅಂದ್ರೆ ಹಂಚಿದ್ದು ಏನೂ ಇಲ್ಲ. ಲಿಮಿಟರನ್ನ ಮಾಸ್ಕ್ ಇಲ್ಲದೇ ಬಿಟ್ಟು ಅದರ ಒಳಗೆ ಒಂದು ಕ್ಯೂ ಮಾಡಿ ಆ ಕ್ಯೂಗೆ ಮಾಸ್ಕ್ ಹಾಕಿದ್ರೆ ಎಲ್ಲರೂ ಅದೇ 34ನ್ನ ಹಂಚ್ಕೊಳ್ತಾರೆ.

ಇದ್ಯಾವುದೂ ಇಲ್ಲದ ಮಾಮೂಲಿ ರೌಟರ್ ಇರೋರು ಅಡ್ಮಿನ್ ಪೇಜಲ್ಲಿ ಕ್ಯೂಓಎಸ್ ಅಂತ ಹುಡುಕಿ, ಒಟ್ಟು ಅಪ್‌ಲೋಡ್ ಡೌನ್‌ಲೋಡ್ ನಂಬರ್ ಕೇಳೋ ಜಾಗ ಇದ್ರೆ 85-90 ಪರ್ಸೆಂಟ್ ಹಾಕಿ, ಕೆಲವು ಸಲ ಅದೊಂದೇ ಅರ್ಧ ಕಾಯಿಲೆ ವಾಸಿ ಮಾಡತ್ತೆ. ಒಂದು ಎಚ್ಚರಿಕೆ, ಶೇಪಿಂಗ್ ಅನ್ನೋದು ಪ್ರೊಸೆಸರ್ ಮೇಲೆ ಬೀಳೋ ಕೆಲಸ. 40-50 ಎಂಬಿಪಿಎಸ್‌ಗೆ ಹಳೇ ರೌಟರೂ ಸಾಕು, 300-500ರ ಲೈನಲ್ಲಿ ಸಣ್ಣ ರೌಟರಿಗೆ ಉಸಿರು ಕಟ್ಟತ್ತೆ, ಆಗ ಶೇಪರೇ ಸ್ಪೀಡ್ ತಿಂತಾ ಇದೆಯಾ ಅಂತ ಸಿಪಿಯು ಲೋಡ್ ನೋಡಿ.

ನಿಮ್ಮ ಪಾಲು ಎಲ್ಲಿ

ಡಿವೈಸಿಗೊಂದು ಸಮ ಪಾಲು ಅಂತ ಮಾಡಿ ಖುಷಿಯಾಗಿ ಕೂತ್ರಿ ಅಂದ್ಕೊಳ್ಳಿ, ಅದೇ ಲೈನಲ್ಲಿ ನಿಮ್ಮ ಸ್ವಂತ ಕೆಲಸದ ಎರಡು ಕಂಪ್ಯೂಟರೂ ಇದ್ರೆ 25 ಗೆಸ್ಟ್ ಪ್ಲಸ್ 2, ನಿಮ್ಮ ಪಾಲಿಗೆ ಬರೋದು 27ರಲ್ಲಿ 2. ನ್ಯಾಯ ಮಾಡೋಕ್ಕೆ ಹೋಗಿ ನಾವೇ ಬೀದಿಗೆ ಬಂದಂಗೆ. ಇದಕ್ಕೆ ಗೆಸ್ಟ್ ಮತ್ತು ನಿಮ್ಮದು ಅಂತ ಎರಡು ಗುಂಪು ಮಾಡಿ, ಒಂದೊಂದಕ್ಕೂ ಗ್ಯಾರಂಟಿ ಇಷ್ಟು, ಜಾಸ್ತಿ ಅಂದ್ರೆ ಇಷ್ಟು ಅಂತ ಎರಡು ನಂಬರ್ ಕೊಡಿ. 34ರಲ್ಲಿ ನಿಮಗೆ ಗ್ಯಾರಂಟಿ 12, ಗೆಸ್ಟ್‌ಗಳಿಗೆ 22, ಇಬ್ಬರಿಗೂ ಮೇಲಿನ ಮಿತಿ 34. ನೀವು ಬಳಸದೇ ಇದ್ದಾಗ ನಿಮ್ಮ 12ನ್ನ ಅವರು ಸಾಲ ತಗೊಳ್ತಾರೆ, ನೀವು ಬಂದ ಕೂಡ್ಲೇ ವಾಪಸ್. ಮೈಕ್ರೋಟಿಕ್ಕಲ್ಲಿ ಇದು ಲಿಮಿಟ್-ಅಟ್ ಮತ್ತು ಮ್ಯಾಕ್ಸ್-ಲಿಮಿಟ್, ಒಂದು ಪೇರೆಂಟ್ ಕ್ಯೂ ಕೆಳಗೆ ಎರಡು ಮಕ್ಕಳು. ಲಿನಕ್ಸಲ್ಲಿ ಎಚ್‌ಟಿಬಿ ಅನ್ನೋ ಕ್ಯೂ, ಅದರಲ್ಲಿ ರೇಟ್ ಮತ್ತು ಸೀಲ್. ಗೆಸ್ಟ್ ನೆಟ್‌ವರ್ಕಿಗೆ ಒಂದೇ ಒಂದು ಗರಿಷ್ಠ ಮಿತಿ ಕೊಡೋ ರೌಟರ್ ಆದ್ರೆ 70 ಪರ್ಸೆಂಟ್ ಕೊಟ್ಟು ಸುಮ್ನಾಗಿ, ಸ್ವಲ್ಪ ವೇಸ್ಟ್ ಆಗತ್ತೆ, ಪರವಾಗಿಲ್ಲ.

ಸಮ ಪಾಲು ಇದ್ಮೇಲೂ ಒಂದೊಂದು ಡಿವೈಸಿಗೆ ಮೇಲಿನ ಮಿತಿ ಬೇಕಾ ಅಂತ ಕೇಳ್ತಾರೆ. ನಾನು ಹಾಕ್ತೀನಿ, ಆದ್ರೆ ಧಾರಾಳವಾಗಿ, ಲೈನಿನ ಕಾಲು ಭಾಗದಿಂದ ಅರ್ಧದ ತನಕ. ಕಾರಣ ವೀಡಿಯೋ. ಅದು ಸಿಕ್ಕಷ್ಟು ಸ್ಪೀಡ್ ನೋಡ್ಕೊಂಡು ಕ್ವಾಲಿಟಿ ಏರಿಸ್ತಾ ಹೋಗತ್ತೆ, ನೆಟ್‌ಫ್ಲಿಕ್ಸ್ 1080ಪಿಗೆ ಕೇಳೋದು 5 ಎಂಬಿಪಿಎಸ್, 4ಕೆಗೆ 15. ಹತ್ತಕ್ಕೆ ಮಿತಿ ಹಾಕಿದ್ರೆ ಫುಲ್ ಎಚ್‌ಡಿ ಆರಾಮಾಗಿ ಓಡತ್ತೆ, ಆರಿಂಚಿನ ಫೋನಲ್ಲಿ 4ಕೆ ನೋಡೋ ಚಟ ಮಾತ್ರ ನಿಲ್ಲತ್ತೆ. ಆ ಆ್ಯಪ್ ಬ್ಲಾಕ್ ಮಾಡ್ತೀನಿ, ಈ ಪೋರ್ಟ್ ಮುಚ್ತೀನಿ ಅಂತ ಹೋಗೋದು ಈಗ ದಂಡ, ವೀಡಿಯೋ ವೆಬ್‌ಪೇಜ್ ಎಲ್ಲಾ 443ನೇ ಪೋರ್ಟಲ್ಲೇ ಬರತ್ತೆ, ಎಲ್ಲಾ ಎನ್‌ಕ್ರಿಪ್ಟ್ ಆಗಿರತ್ತೆ. ಟೊರೆಂಟ್ ಯುಡಿಪಿಯಲ್ಲಿ (ಪ್ಯಾಕೆಟ್ ಕಳಿಸೋ ಒಂದು ವಿಧಾನ) ಬರತ್ತೆ ಅಂತ ಯುಡಿಪಿನೇ ಹಿಂಡಿದ್ರೆ ಮೊದಲು ಸಾಯೋದು ವಾಯ್ಸ್ ಕಾಲ್.

ಗಾಳಿಯ ಪಾಲು

ಇದನ್ನ ಹೆಚ್ಚಿನವರು ನೋಡೋದೇ ಇಲ್ಲ. ವೈಫೈಯಲ್ಲಿ ಒಂದು ಚಾನೆಲ್ಲಲ್ಲಿ ಒಂದು ಹೊತ್ತಿಗೆ ಒಬ್ಬನೇ ಮಾತಾಡೋದು, ಮಿಕ್ಕವರು ಬಾಯಿ ಮುಚ್ಕೊಂಡಿರ್ಬೇಕು. 1500 ಬೈಟ್‌ನ ಒಂದು ಪ್ಯಾಕೆಟ್ 54 ಎಂಬಿಪಿಎಸ್‌ನಲ್ಲಿ ಕಾಲು ಮಿಲಿಸೆಕೆಂಡಲ್ಲಿ ಮುಗಿಯತ್ತೆ, ಅದೇ ಪ್ಯಾಕೆಟನ್ನ ಮೂಲೇಲಿ ಎರಡು ಗೋಡೆ ಆಚೆ ಕೂತಿರೋನು 1 ಎಂಬಿಪಿಎಸ್‌ನಲ್ಲಿ ಹೇಳಿದ್ರೆ 12 ಮಿಲಿಸೆಕೆಂಡ್. ಇಬ್ಬರಿಗೂ ಒಂದೊಂದು ಪ್ಯಾಕೆಟ್ ಅಂತ ಸಮ ಸರದಿ ಕೊಟ್ರೂ ಗಾಳಿಯ ಹೊತ್ತೆಲ್ಲ ದೂರದವನೇ ತಿಂದಿರ್ತಾನೆ, ಹತ್ತಿರ ಇರೋನ ಸ್ಪೀಡೂ ಅವನ ಮಟ್ಟಕ್ಕೆ ಬಂದು ಕೂತ್ಕೊಳತ್ತೆ. 2003ರಲ್ಲೇ ಫ್ರಾನ್ಸಿನ ಸಂಶೋಧಕರು 802.11ಬಿ ಅನ್ನೋ ಹಳೇ ವೈಫೈ ಮಾದರಿಯಲ್ಲಿ ಇದನ್ನ ತೋರಿಸಿದ್ರು. ನಿಮ್ಮ ರೌಟರಲ್ಲಿ ಏರ್‌ಟೈಮ್ ಫೇರ್‌ನೆಸ್ ಅಂತ ಇದ್ರೆ ಆನ್ ಮಾಡಿ, ಅದು ಪ್ಯಾಕೆಟ್ ಎಣಿಸೋ ಬದಲು ಹೊತ್ತು ಎಣಿಸತ್ತೆ.

ಅದಕ್ಕಿಂತ ಜಾಸ್ತಿ ಫಲ ಕೊಡೋದು 2.4 ಗಿಗಾಹರ್ಟ್ಸ್ ಬ್ಯಾಂಡಲ್ಲಿ ಹಳೇ ರೇಟ್‌ಗಳನ್ನ ತೆಗೆಯೋದು. 1, 2, 5.5, 11 ಎಂಬಿಪಿಎಸ್ ಈ ನಾಲ್ಕನ್ನೂ ಆಫ್ ಮಾಡಿ ಕನಿಷ್ಠ ರೇಟ್ 12 ಮಾಡಿ. ವೈಫೈ ಹೆಸರು ಕೂಗೋ ಬೀಕನ್‌ಗಳು ಕನಿಷ್ಠ ರೇಟಲ್ಲೇ ಹೋಗೋದು, ಸೆಕೆಂಡಿಗೆ ಸುಮಾರು ಹತ್ತು ಸಲ, ಒಂದೊಂದು ಎಸ್‌ಎಸ್‌ಐಡಿಗೂ (ವೈಫೈ ಹೆಸರಿಗೂ) ಬೇರೆ ಬೇರೆ. 1 ಎಂಬಿಪಿಎಸ್‌ನಲ್ಲಿ 300 ಬೈಟ್ ಬೀಕನ್ನಿಗೆ ಎರಡೂವರೆ ಮಿಲಿಸೆಕೆಂಡ್ ಹಿಡಿಯತ್ತೆ, ನಾಲ್ಕು ಹೆಸರು ಇಟ್ಕೊಂಡಿದ್ರೆ ಯಾರೂ ಏನೂ ಮಾಡದೇನೇ ಗಾಳಿಯ ನೂರಕ್ಕೆ ಹತ್ತು ಹೋಯ್ತು. ಹಾಗಾಗಿ ಎರಡು ಹೆಸರು ಸಾಕು, ಒಂದು ನಿಮ್ಮದು ಒಂದು ಗೆಸ್ಟ್. ರೇಟ್ ಏರಿಸಿದ್ರೆ ದೂರದವರಿಗೆ ಸಿಗ್ನಲ್ ಸಿಗಲ್ಲ, ಪುರಾತನ ಪ್ರಿಂಟರ್ ಗಿಂಟರ್ ಇದ್ರೆ ಅದು ಕಳಚ್ಕೊಳತ್ತೆ, ಅದು ಗೊತ್ತಿರ್ಲಿ. ಅಂಥ ಮೂಲೆಗೆ ಇನ್ನೊಂದು ಆ್ಯಕ್ಸೆಸ್ ಪಾಯಿಂಟ್ ಕೇಬಲ್ ಎಳೆದು ಹಾಕೋದು ಸರಿ ದಾರಿ. 2.4ರಲ್ಲಿ ಚಾನೆಲ್ 1, 6, 11 ಬಿಟ್ಟು ಬೇರೆ ಬೇಡ, ಅಗಲ 20 ಮೆಗಾಹರ್ಟ್ಸ್ ಸಾಕು, ಆದಷ್ಟು ಜನರನ್ನ 5 ಗಿಗಾಹರ್ಟ್ಸ್‌ಗೆ ತಳ್ಳಿ. ಗೆಸ್ಟ್‌ಗೆ ಕ್ಲೈಂಟ್ ಐಸೊಲೇಷನ್ (ಡಿವೈಸ್‌ಗಳು ಒಂದನ್ನೊಂದು ಮುಟ್ಟದಂತೆ ಮಾಡೋದು) ಆನ್ ಇರ್ಲಿ, ಸುರಕ್ಷತೆಗೆ ಅಂತೂ ಬೇಕೇ ಬೇಕು, ಜೊತೆಗೆ ಒಬ್ಬರ ಡಿವೈಸ್ ಇನ್ನೊಬ್ಬರದನ್ನ ಹುಡುಕ್ತಾ ಕೂಗೋದೂ ಕಮ್ಮಿ ಆಗತ್ತೆ.

ಕೋಟಾ, ಲೀಸ್, ಇತ್ಯಾದಿ

ದಿನಕ್ಕೆ ತಲಾ 1 ಜಿಬಿ ಅಂತ ಮ್ಯಾಕ್ ಅಡ್ರೆಸ್ (ಡಿವೈಸಿನ ನೆಟ್‌ವರ್ಕ್ ಗುರುತು ಸಂಖ್ಯೆ) ಲೆಕ್ಕದಲ್ಲಿ ಕೋಟಾ ಇಡೋರಿಗೆ ಒಂದು ಮಾತು, ಅದು ಈಗ ನಿಲ್ಲಲ್ಲ. 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14ರಿಂದ ಫೋನ್‌ಗಳು ನೆಟ್‌ವರ್ಕಿಗೊಂದು ಸುಳ್ಳು ಮ್ಯಾಕ್ ಅಡ್ರೆಸ್ ತೋರಿಸ್ತಾವೆ, ಬದಲಾಯಿಸೋದು ಗೊತ್ತಿರೋನು ಬದಲಾಯಿಸಿ ಹೊಸ ಮನುಷ್ಯ ಆಗಿ ಬರ್ತಾನೆ. ಕೋಟಾ ಬೇಕೇ ಬೇಕು ಅಂದ್ರೆ ವೋಚರ್ ಕೋಡ್ ಕೊಡಿ, ಲೆಕ್ಕ ಕೋಡಿನ ಮೇಲಿರ್ಲಿ. ನನ್ನ ಕೇಳಿದ್ರೆ ಸರದಿ ಸರಿ ಇದ್ರೆ ಕೋಟಾನೇ ಬೇಡ, ಯಾರೂ ಇಲ್ಲದ ಹೊತ್ತಲ್ಲಿ ಒಬ್ಬ 20 ಜಿಬಿ ಇಳಿಸ್ಕೊಂಡ್ರೆ ನಿಮಗೇನು ನಷ್ಟ, ಡೇಟಾ ಲೆಕ್ಕದಲ್ಲಿ ಬಿಲ್ ಬರೋ ಲೈನ್ ಅಲ್ಲದೇ ಇದ್ರೆ.

ಮೂರು ಡಿವೈಸ್ ಇರೋನಿಗೆ ಮೂರು ಪಾಲು ಸಿಗತ್ತಲ್ಲ ಅಂತ ಕೇಳ್ಬಹುದು. ಸಿಗತ್ತೆ. ಆದ್ರೆ ಮೂರನ್ನೂ ಒಟ್ಟಿಗೆ ಜೋರಾಗಿ ಬಳಸೋರು ಅಪರೂಪ, ಸುಮ್ನಿರೋ ಡಿವೈಸ್ ಪಾಲು ತಗೊಳ್ಳಲ್ಲ, ನಾನು ಇದಕ್ಕೆ ತಲೆ ಕೆಡಿಸ್ಕೊಂಡಿಲ್ಲ. ಐಪಿವಿ6 (ಹೊಸ ಥರದ ಐಪಿ ಅಡ್ರೆಸ್) ಕೊಡ್ತಾ ಇದ್ರೆ ಒಂದೇ ಫೋನಿಗೆ ಮೂರ್ನಾಲ್ಕು ಅಡ್ರೆಸ್ ಇರತ್ತೆ, ಅಡ್ರೆಸ್ ನೋಡಿ ಹಂಚೋ ಕೇಕಿಗೆ ಅವು ಬೇರೆ ಬೇರೆ ಜನರ ಥರ ಕಾಣ್ತಾವೆ, ಇದೂ ಅಂಥದ್ದೇ, ದೊಡ್ಡ ವಿಷಯ ಅಲ್ಲ.

ದೊಡ್ಡ ವಿಷಯ ಆಗೋದು ಡಿಎಚ್‌ಸಿಪಿ, ಅಂದ್ರೆ ಬಂದವರಿಗೆಲ್ಲ ಐಪಿ ಅಡ್ರೆಸ್ ಕೊಡೋ ವ್ಯವಸ್ಥೆ. ಮಾಮೂಲಿ /24 ನೆಟ್‌ವರ್ಕಲ್ಲಿ ರೌಟರಿಗೆ ಒಂದು ಬಿಟ್ರೆ 253 ಅಡ್ರೆಸ್ ಇರೋದು, ಲೀಸ್ (ಅಡ್ರೆಸ್ ಇಟ್ಕೊಳ್ಳೋ ಅವಧಿ) 24 ಗಂಟೆ ಇದ್ರೆ ಹತ್ತು ನಿಮಿಷ ಬಂದು ಹೋದೋನೂ ಇಡೀ ದಿನ ಒಂದನ್ನ ಹಿಡ್ಕೊಂಡಿರ್ತಾನೆ, ಸಂಜೆ ಹೊತ್ತಿಗೆ ಅಡ್ರೆಸ್ ಮುಗಿದು ಹೊಸಬರಿಗೆ ಕನೆಕ್ಟೇ ಆಗಲ್ಲ, ಅವರು ಬಂದು ಹೇಳೋದು ಮಾತ್ರ "ವೈಫೈ ಸ್ಲೋ" ಅಂತಾನೇ. ಲೀಸನ್ನ ಒಂದು ಗಂಟೆಗೆ ಇಳಿಸಿ.

ಎಲ್ಲಾ ಹಾಕಿ ಆದ್ಮೇಲೆ ಪರೀಕ್ಷೆ ಮಾಡಿ. ಎರಡು ಲ್ಯಾಪ್‌ಟಾಪ್, ಒಂದರಲ್ಲಿ ಹತ್ತಾರು ಕನೆಕ್ಷನ್ ತೆಗೆಯೋ ಡೌನ್‌ಲೋಡ್, ಇನ್ನೊಂದರಲ್ಲಿ ಒಂದೇ ಫೈಲ್ ಡೌನ್‌ಲೋಡ್ ಜೊತೆಗೆ ಪಿಂಗ್. ಎರಡಕ್ಕೂ ಹೆಚ್ಚೂ ಕಮ್ಮಿ ಅರ್ಧರ್ಧ ಬರ್ಬೇಕು, ಪಿಂಗ್ 20-30 ಮಿಲಿಸೆಕೆಂಡಿಗಿಂತ ಜಾಸ್ತಿ ಏರಬಾರದು. ಅರ್ಧ ಬರ್ತಿಲ್ಲ ಅಂದ್ರೆ ನ್ಯಾಟ್ ಪದ ಮರೆತಿದೀರ ಅಥವಾ ಮಾಸ್ಕ್ ತಪ್ಪು ಜಾಗದಲ್ಲಿದೆ. ಪಿಂಗ್ ಏರ್ತಿದ್ರೆ ಒಟ್ಟು ನಂಬರ್ ಇನ್ನೂ ಇಳಿಸ್ಬೇಕು, ಇಲ್ಲಾ ಆಫ್‌ಲೋಡಿಂಗ್ ಆನ್ ಇದೆ.

4ಜಿ ಡಾಂಗಲ್ ಥರದ ಲೈನಾದ್ರೆ ಅಸಲಿ ಸ್ಪೀಡೇ ಗಂಟೆಗೊಂದು ಥರ ಇರತ್ತೆ, ಒಂದು ನಂಬರ್ ಹಾಕಿ ಕೂರೋಕ್ಕಾಗಲ್ಲ, ಕೇಕ್-ಆಟೋರೇಟ್ ಅನ್ನೋ ಸ್ಕ್ರಿಪ್ಟ್ ಪಿಂಗ್ ನೋಡ್ಕೊಂಡು ಆ ನಂಬರನ್ನ ತಾನೇ ಏರಿಸಿ ಇಳಿಸತ್ತೆ, ಅದನ್ನ ಹಾಕ್ಕೊಳ್ಳಿ. ಇನ್ನು ಲೈನೇ 4 ಎಂಬಿಪಿಎಸ್ ಇದ್ದು ಒಟ್ಟಿಗೆ ಬಳಸೋರು 40 ಜನ ಅಂದ್ರೆ ಎಷ್ಟೇ ನ್ಯಾಯವಾಗಿ ಹಂಚಿದ್ರೂ ತಲೆಗೆ 100 ಕೆಬಿಪಿಎಸ್, ಮೆಸೇಜ್ ಹೋಗತ್ತೆ, ವಾಯ್ಸ್ ಕಾಲ್ ಹೇಗೋ ನಡೆಯತ್ತೆ, ವೀಡಿಯೋ ಆಗಲ್ಲ. ಅಂಥ ಕಡೆ ಲಾಗಿನ್ ಪೇಜಲ್ಲಿ "ಇಲ್ಲಿ ಮೆಸೇಜ್, ಮೇಲ್, ಕಾಲ್ ಮಾತ್ರ ಚೆನ್ನಾಗಿ ನಡೆಯತ್ತೆ, ಫೋಟೋ ಬ್ಯಾಕಪ್ ಆಫ್ ಮಾಡ್ಕೊಳ್ಳಿ" ಅಂತ ನೇರವಾಗಿ ಬರೆದ್ಬಿಡಿ, ಎಷ್ಟೋ ಜನ ಕೇಳ್ತಾರೆ.

ಕೊನೇದಾಗಿ, ರೌಟರ್ ಹಿಂದೆ ಒಂದು ಚೀಟಿ ಅಂಟಿಸಿ, ಶೇಪರಲ್ಲಿ ಎಷ್ಟು ಹಾಕಿದೀರ, ಯಾವ ತಾರೀಖು ಅಂತ. ನಾಳೆ ಲೈನನ್ನ 100ಕ್ಕೆ ಅಪ್‌ಗ್ರೇಡ್ ಮಾಡ್ಸಿ, 34ಕ್ಕೆ ನೀವೇ ಹಾಕಿದ ಬೀಗ ಮರೆತು, ಕಂಪನಿಯವರ ಜೊತೆ ಮೂರು ವಾರ ಫೋನಲ್ಲಿ ಜಗಳ ಆಡೋದು ತಪ್ಪತ್ತೆ. ನಾನು ಆಡಿದ್ದು ಎರಡೇ ವಾರ.